ಒಂದು ಫೋನು, ಎರಡು ದಾರಿ: ಮಲೆನಾಡಿನ ಪಶುವೈದ್ಯನೊಬ್ಬನ ಬಳಕೆಯ ಮಾತು

ಹೋದ ತಿಂಗಳು ನಮ್ಮ ಹೊಸನಗರ ತಾಲ್ಲೂಕಿಗೆ ಹೊಸದಾಗಿ ಬಂದ ಪಶುವೈದ್ಯೆಯೊಬ್ಬರು ಫೋನ್ ಮಾಡಿದ್ದರು. ಬೀದರ್‌ನಲ್ಲಿ ಓದಿದವರು, ಬಯಲುಸೀಮೆಯವರು. ಔಷಧಿ ವಿಷಯ ಕೇಳುತ್ತಾರೆ ಅಂದುಕೊಂಡೆ. ಅವರು ಕೇಳಿದ್ದೇ ಬೇರೆ. “ಸರ್, ಈ ಕಡೆ ಯಾವ ಫೋನ್ ತಗೊಳ್ಳಲಿ? ಯಾವ ಸಿಮ್ ಹಾಕಲಿ? ಬಂದು ಎಂಟು ದಿನ ಆಯ್ತು. ಆಗಲೇ ರೈತರು ಈ ಡಾಕ್ಟರಮ್ಮ ಫೋನೇ ಎತ್ತಲ್ಲ ಅಂತಿದ್ದಾರೆ.”

ಕೇಳಿ ಸಂಕಟವಾಯಿತು. ಪಾಪ, ಎತ್ತುವುದಕ್ಕೆ ಅವರ ಫೋನ್ ರಿಂಗ್ ಆದರೆ ತಾನೆ?

ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ. 2012ರಿಂದ ಇವತ್ತಿನವರೆಗೆ ನಾನು ಒಂದೇ ಫೋನಿನಲ್ಲಿ ಎರಡು ಬೇರೆ ಬೇರೆ ಜಾತಿಯ ನೆಟ್‌ವರ್ಕ್ ಇಟ್ಟುಕೊಂಡು ಕೆಲಸ ಮಾಡಿದ್ದೇನೆ. ಮೊದಲು ಸಿಡಿಎಂಎ, ಜಿಎಸ್‌ಎಂ ಎನ್ನುವ ಆಗಿನ ಎರಡು ಮೊಬೈಲ್ ತಂತ್ರಜ್ಞಾನಗಳೂ ಇದ್ದ ಫೋನು. ಈಗ 4ಜಿ, 5ಜಿ ಸಿಮ್ ಎರಡು, ಜೊತೆಗೆ ವೈಫೈ ಕಾಲಿಂಗ್. ಎರಡರ ಅನುಭವವನ್ನೂ ಬರೆಯುತ್ತೇನೆ. ಇಂಥ ಕಂಪನಿಯದೇ ತಗೊಳ್ಳಿ ಅಂತ ಹೇಳುವುದಿಲ್ಲ. ನಮ್ಮೂರಲ್ಲಿ ಸಿಗದ ಕಂಪನಿ ನಿಮ್ಮೂರಲ್ಲಿ ಚೆನ್ನಾಗಿ ಸಿಗಬಹುದು, ಅಲ್ವಾ? ಹಳೇ ಫೋನಂತೂ ಈಗ ಅಂಗಡಿಯಲ್ಲಿ ಇಲ್ಲವೇ ಇಲ್ಲ. ಆದರೆ ಅದು ಕಲಿಸಿದ ಪಾಠದ ಮೇಲೇ ಈಗಿನ ಫೋನ್ ಆರಿಸಿದ್ದೇನೆ. ಹಾಗಾಗಿ ಅಲ್ಲಿಂದಲೇ ಶುರು ಮಾಡಬೇಕು.

ಅದಕ್ಕೂ ಮೊದಲು ನನ್ನ ಹತ್ತಿರ ಎರಡು ಫೋನ್ ಇದ್ದವು. ಅಂಗಿ ಜೇಬಿನಲ್ಲಿ ಒಂದು, ಪ್ಯಾಂಟಿನ ಜೇಬಿನಲ್ಲಿ ಇನ್ನೊಂದು. 2002ರ ಡಿಸೆಂಬರ್ 28ರಂದು ರಿಲಯನ್ಸ್ ತನ್ನ ಸಿಡಿಎಂಎ ಸೇವೆ ಶುರು ಮಾಡಿತ್ತು. ಮರುವರ್ಷ 501 ರೂಪಾಯಿ ಕಟ್ಟಿದರೆ ಫೋನ್ ಕೈಗೆ ಎನ್ನುವ ಸ್ಕೀಮ್ ಬಂತು. ಅಲ್ಲಿಯವರೆಗೆ ಮೊಬೈಲ್ ಅಂದರೆ ಪೇಟೆಯವರ ವಸ್ತು. ಆಮೇಲೆ ನೋಡಿ, ಹಾಲಿನ ಡೈರಿಗೆ ಬರುವ ರೈತರ ಜೇಬಿನಲ್ಲೂ ಫೋನ್ ಕಾಣತೊಡಗಿತು. ಆಗ ಒಂದೇ ಕಂಪನಿಯ ಫೋನಿಂದ ಫೋನಿಗೆ ಮಾತಾಡಿದರೆ ಖರ್ಚು ಕಡಿಮೆ. ಹೀಗಾಗಿ ಸಿಡಿಎಂಎ ಫೋನ್ ಇದ್ದವರು ನನ್ನ ಸಿಡಿಎಂಎ ನಂಬರಿಗೇ ಮಾಡುತ್ತಿದ್ದರು. ಜಿಎಸ್‌ಎಂ ಇದ್ದವರು ಆ ನಂಬರಿಗೆ. ಒಂದನ್ನು ಬಿಟ್ಟರೆ ಅರ್ಧ ತಾಲ್ಲೂಕಿನ ದನಗಳನ್ನು ಬಿಟ್ಟಂತೆ. ನಮ್ಮ ಡೈರಿ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ನನ್ನ ಎರಡೂ ನಂಬರ್ ಬರೆಸಿದ್ದರು, ಒಂದರ ಕೆಳಗೆ ಒಂದು.

ಸಿಗ್ನಲ್ ಕಥೆಯೂ ಹಾಗೇ ಇತ್ತು. ಪೇಟೆಯಲ್ಲಿ ಎರಡೂ ಚೆನ್ನಾಗಿ ಬರುತ್ತಿದ್ದವು. ನಮ್ಮ ತಾಲ್ಲೂಕಿನಲ್ಲೇ ನಗರ ಅಂತ ಒಂದು ಊರಿದೆ, ಅದರ ಕಡೆ ಗುಡ್ಡ ಇಳಿದರೆ ಜಿಎಸ್‌ಎಂ ಮಾಯ, ಸಿಡಿಎಂಎ ಒಂದು ಕಡ್ಡಿ ಉಳಿಯುತ್ತಿತ್ತು. ಇನ್ನೊಂದು ದಿಕ್ಕಿನಲ್ಲಿ ಸಿಡಿಎಂಎ ಸತ್ತು ಜಿಎಸ್‌ಎಂ ಬದುಕುತ್ತಿತ್ತು. ಯಾವುದು ಮೇಲು ಅಂತ ಪೇಟೆಯ ಅಂಗಡಿಗಳಲ್ಲಿ ಜಗಳ ನಡೆಯುತ್ತಿತ್ತು. ನನಗೆ ಆ ಜಗಳದಲ್ಲಿ ಪಕ್ಷವೇ ಇರಲಿಲ್ಲ. ಎರಡೂ ಬೇಕಾಗಿತ್ತು.

2012ರಲ್ಲಿ ಶಿವಮೊಗ್ಗದ ಅಂಗಡಿಯೊಂದರಲ್ಲಿ ಎರಡೂ ಒಂದರಲ್ಲೇ ಇರುವ ಫೋನ್ ನೋಡಿದೆ. ಆಗ ನಾಲ್ಕೈದು ಕಂಪನಿಗಳು ಅಂಥದ್ದನ್ನು ಮಾಡುತ್ತಿದ್ದವು. ಸುಮಾರು 15,000 ರೂಪಾಯಿ ಕೊಟ್ಟೆ. ಅದು ನನಗೆ ಸಣ್ಣ ದುಡ್ಡಲ್ಲ. ಹಿಂದಿನ ಮುಚ್ಚಳ ತೆಗೆದರೆ ಎರಡು ಗೂಡು. ಒಂದರ ಮೇಲೆ ಸಿಡಿಎಂಎ ಅಂತ, ಇನ್ನೊಂದರ ಮೇಲೆ ಜಿಎಸ್‌ಎಂ ಅಂತ ಅಚ್ಚು. ಅದಲು ಬದಲು ಹಾಕಿದರೆ ಕೆಲಸ ಮಾಡುತ್ತಿರಲಿಲ್ಲ. ಪರದೆಯ ಮೇಲೆ ಅಕ್ಕಪಕ್ಕ ಎರಡು ಸಿಗ್ನಲ್ ಕಡ್ಡಿಗಳ ಸಾಲು. ಗಾಡಿ ಓಡಿಸುವಾಗ ಒಂದು ಸಾಲು ಇಳಿದ ಹಾಗೆ ಇನ್ನೊಂದು ಏರುವುದನ್ನು ನೋಡಿ ಮನಸ್ಸಿಗೆ ಎಷ್ಟು ಧೈರ್ಯ ಬರುತ್ತಿತ್ತು ಗೊತ್ತಾ?

ಆ ಫೋನಿನ ದೊಡ್ಡ ಗುಣ ನನಗೆ ಗೊತ್ತಾಗಿದ್ದು ಆ ವರ್ಷದ ಮಳೆಗಾಲದಲ್ಲಿ.

ರಾತ್ರಿ ಹತ್ತೂಮುಕ್ಕಾಲು. ಜಿಎಸ್‌ಎಂ ನಂಬರಿನಲ್ಲಿ ಒಬ್ಬ ಗೌಡರ ಜೊತೆ ಮಾತಾಡುತ್ತಿದ್ದೆ. ಅವರ ಕರುವಿಗೆ ಹೊಟ್ಟೆ ಉಬ್ಬರ. ಮಾತಿನ ಮಧ್ಯೆ ಕಿವಿಯ ಹತ್ತಿರ ಫೋನ್ ನಡುಗಿತು. ನೋಡಿದರೆ ಸಿಡಿಎಂಎ ನಂಬರಿಗೆ ಇನ್ನೊಂದು ಕರೆ. ಈಗಿನವರಿಗೆ ಇದರಲ್ಲೇನು ವಿಶೇಷ ಅನ್ನಿಸಬಹುದು. ಆಗಿನ ಮಾಮೂಲಿ ಎರಡು ಸಿಮ್ ಫೋನಿನಲ್ಲಿ ಇದು ಆಗುತ್ತಿರಲಿಲ್ಲ. ಅದರಲ್ಲಿ ಇರುತ್ತಿದ್ದುದು ಒಂದೇ ರೇಡಿಯೋ. ಒಂದು ಸಿಮ್‌ನಲ್ಲಿ ಮಾತಾಡುತ್ತಿದ್ದರೆ ಇನ್ನೊಂದಕ್ಕೆ ಮಾಡಿದವರಿಗೆ ‘ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ’ ಅಂತ ಕೇಳಿಸುತ್ತಿತ್ತು. ನನ್ನ ಫೋನಿನಲ್ಲಿ ಎರಡು ತಂತ್ರಜ್ಞಾನಕ್ಕೆ ಎರಡು ರೇಡಿಯೋ ಇತ್ತು. ಒಂದು ಮಾತಾಡುವಾಗ ಇನ್ನೊಂದು ಎಚ್ಚರವಾಗಿರುತ್ತಿತ್ತು.

ಗೌಡರಿಗೆ, “ಕರುವಿನ ಮುಂಗಾಲು ಎತ್ತರದಲ್ಲಿ ಇರೋ ಹಾಗೆ ನಿಲ್ಲಿಸಿ, ಎರಡು ನಿಮಿಷದಲ್ಲಿ ಮಾಡ್ತೀನಿ” ಅಂತ ಹೇಳಿ ಆ ಕರೆ ಎತ್ತಿದೆ.

“ಡಾಕ್ಟ್ರೇ, ದನ ಏಳ್ತಾನೇ ಇಲ್ಲ. ಮೊನ್ನೆ ಕರು ಹಾಕಿದ್ದು.” ನಗರದ ಕಡೆಯ ಒಬ್ಬ ಅಮ್ಮ. ಮನೆಯಲ್ಲಿ ಮೇಜಿನ ಮೇಲೆ ಇಡುವ, ಕಂಬದ ತಂತಿ ಇಲ್ಲದ ಡಬ್ಲ್ಯೂಎಲ್‌ಎಲ್ ಫೋನು ಅವರದ್ದು.

“ಅಮ್ಮಾ, ಕಿವಿ ಮುಟ್ಟಿ ನೋಡಿ. ತಣ್ಣಗಿದೆಯಾ?”

“ಮಂಜುಗಡ್ಡೆ ಆಗಿದೆ ಡಾಕ್ಟ್ರೇ.”

“ಕತ್ತು ಹೊಟ್ಟೆ ಕಡೆ ತಿರುಗಿಸಿಕೊಂಡಿದೆಯಾ?”

“ಹೌದು. ಮಲಗಿದ ಹಾಗಿದೆ. ಕರೆದರೂ ನೋಡ್ತಿಲ್ಲ.”

ಅದು ಹಾಲುಜ್ವರ. ಹೆಸರಿನಲ್ಲಿ ಜ್ವರ ಇದ್ದರೂ ಮೈ ತಣ್ಣಗಾಗುವ ಕಾಯಿಲೆ. ಕರು ಹಾಕಿದ ಮೇಲೆ ಹಾಲಿಗೆ ಕ್ಯಾಲ್ಸಿಯಂ ಹರಿದುಹೋಗಿ ರಕ್ತದಲ್ಲಿ ಕಡಿಮೆಯಾಗುತ್ತದೆ. ಕೆಲವೇ ಗಂಟೆಗಳ ಆಟ. “ಒಂದು ಪಕ್ಕಕ್ಕೆ ಪೂರ್ತಿ ಒರಗೋಕೆ ಬಿಡಬೇಡಿ. ಎರಡೂ ಕಡೆ ಹುಲ್ಲಿನ ಹೊರೆ ಒತ್ತಿ ಇಡಿ. ಬಾಯಿಗೆ ನೀರಾಗಲಿ ಕಷಾಯವಾಗಲಿ ಹೊಯ್ಯಬೇಡಿ. ಹೊರಟೆ.”

ಹದಿನಾಲ್ಕು ಕಿಲೋಮೀಟರ್. ಮಳೆ ಸುರಿಯುತ್ತಿತ್ತು. ಕೊಟ್ಟಿಗೆಗೆ ಹೋದಾಗ ಅಮ್ಮ ದನದ ಕತ್ತನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಲಾಟೀನು ತೂಗುಹಾಕಿ, 450 ಮಿಲಿ ಕ್ಯಾಲ್ಸಿಯಂ ಬಾಟಲಿಯನ್ನು ರಕ್ತನಾಳಕ್ಕೆ ಹನಿ ಹನಿಯಾಗಿ ಬಿಟ್ಟೆ. ಬೇಗ ಬಿಟ್ಟರೆ ಹೃದಯ ನಿಲ್ಲುತ್ತದೆ, ಅದಕ್ಕೇ ಒಂದು ಕೈ ಎದೆಯ ಮೇಲೆ. ಬಾಟಲಿ ಮುಕ್ಕಾಲು ಆಗುವಾಗ ಮೂಗಿನ ಮೇಲೆ ಬೆವರು ಮೂಡಿತು. ತೊಡೆ ನಡುಗಿತು. ತೇಗು ಬಂತು, ಸಗಣಿ ಹಾಕಿತು. ಇನ್ನು ಭಯವಿಲ್ಲ ಅಂತ ಅಮ್ಮನಿಗೆ ಹೇಳಿ, ಗೌಡರ ನೆನಪಾಗಿ ಫೋನ್ ತೆಗೆದೆ. ಜಿಎಸ್‌ಎಂ ಕಡ್ಡಿ ಒಂದೂ ಇಲ್ಲ. ಕೊಟ್ಟಿಗೆಯ ಬಾಗಿಲಲ್ಲಿ ಸಿಡಿಎಂಎ ಒಂದು ಕಡ್ಡಿ. ಅದರಲ್ಲೇ ಗೌಡರಿಗೆ ಮಾಡಿದೆ. “ಕರು ಆರಾಮಾಗಿದೆ ಡಾಕ್ಟ್ರೇ, ಗಾಳಿ ಹೋಯ್ತು, ನೀವು ನಿಧಾನ ಬನ್ನಿ” ಅಂದರು. ಫೋನ್ ಇಟ್ಟು ತಿರುಗಿ ನೋಡಿದರೆ ದನ ಮುಂಗಾಲು ಊರಿ ಏಳುತ್ತಿತ್ತು.

ಆ ರಾತ್ರಿ ಒಂದೇ ನೆಟ್‌ವರ್ಕ್ ಇದ್ದಿದ್ದರೆ ಆ ಎರಡು ಕರೆಗಳಲ್ಲಿ ಒಂದು ನನಗೆ ಬರುತ್ತಲೇ ಇರಲಿಲ್ಲ. 15,000 ರೂಪಾಯಿ ಅವತ್ತೇ ವಸೂಲಾಯಿತು ಅಂತ ನಾನು ಎಣಿಸಿದ್ದೇನೆ.

ಈ ಎರಡು ತಂತ್ರಜ್ಞಾನ ಯಾಕೆ ಬೇರೆ ಬೇರೆ ಜಾಗದಲ್ಲಿ ಚೆನ್ನಾಗಿದ್ದವು ಅಂತ ತಿಳಿಯುವ ಆಸೆ ನನಗೆ ಜಾಸ್ತಿ ಇತ್ತು. ಜಿಎಸ್‌ಎಂ ಯೂರೋಪಿನವರು ಕೂಡಿ ಕಟ್ಟಿದ್ದು, 1991ರಲ್ಲಿ ಫಿನ್ಲೆಂಡ್‌ನಲ್ಲಿ ಶುರುವಾಯಿತು. ಅದು ನಮ್ಮ ಡೈರಿಯ ಸಾಲಿನ ಥರ. ಒಂದು ತರಂಗವನ್ನು 8 ಪಾಳಿಗಳಾಗಿ ಹಂಚುತ್ತಾರೆ. ಒಬ್ಬೊಬ್ಬರೂ ತಮ್ಮ ಪಾಳಿ ಬಂದಾಗ ಒಂದು ತೊಟ್ಟು ಮಾತು ಸುರಿಯುತ್ತಾರೆ. ಪಾಳಿ ಎಷ್ಟು ಬೇಗ ಸುತ್ತುತ್ತದೆ ಅಂದರೆ ಕಿವಿಗೆ ಗೊತ್ತೇ ಆಗುವುದಿಲ್ಲ. ರೇಡಿಯೋ ಪಕ್ಕ ಜಿಎಸ್‌ಎಂ ಫೋನ್ ಇಟ್ಟರೆ, ಕರೆ ಬರುವ ಮೊದಲು ‘ಟಿಟ್ಟಿಟ್ ಟಿಟ್ಟಿಟ್’ ಅಂತ ಸದ್ದು ಬರುತ್ತಿತ್ತಲ್ಲ, ನೆನಪಿದೆಯಾ? ಸೆಕೆಂಡಿಗೆ 217 ಸಲ ಬರುವ ಆ ಪಾಳಿಯದೇ ಸದ್ದು ಅದು. ಸಿಡಿಎಂಎ ಫೋನ್ ಆ ಸದ್ದು ಮಾಡುತ್ತಿರಲಿಲ್ಲ.

ಸಿಡಿಎಂಎ ಅಮೆರಿಕದ ಕ್ವಾಲ್‌ಕಾಮ್ ಕಂಪನಿ ಬೆಳೆಸಿದ್ದು, 1995ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಮೊದಲು ಬಳಕೆಗೆ ಬಂತು. ಅದು ದನದ ಜಾತ್ರೆಯ ವ್ಯಾಪಾರದ ಥರ. ಜಾತ್ರೆಯಲ್ಲಿ ದಲ್ಲಾಳಿಗಳು ಟವೆಲ್ ಮರೆಯಲ್ಲಿ ಬೆರಳು ಹಿಡಿದು ರೇಟು ಮಾತಾಡುತ್ತಾರೆ. ಒಂದೇ ಬಯಲು, ಒಂದೇ ಹೊತ್ತು, ನೂರು ಜೋಡಿ. ಆದರೂ ಒಬ್ಬರ ರೇಟು ಇನ್ನೊಬ್ಬರಿಗೆ ಗೊತ್ತಾಗುವುದಿಲ್ಲ. ಟವೆಲ್ ಒಳಗಿನ ಬೆರಳಿನ ಹಾಗೆ ಸಿಡಿಎಂಎಯಲ್ಲಿ ಪ್ರತಿ ಕರೆಗೂ ಒಂದು ಗುಟ್ಟಿನ ಸಂಕೇತ. ಪಕ್ಕದ ಟವರ್ ಕೂಡ ಅದೇ ತರಂಗ ಬಳಸುವುದರಿಂದ ಫೋನ್ ಎರಡು ಟವರ್ ಜೊತೆ ಒಟ್ಟಿಗೆ ಕೈ ಹಿಡಿದುಕೊಳ್ಳುತ್ತಿತ್ತು. ಹೊಸದನ್ನು ಹಿಡಿದ ಮೇಲೆ ಹಳೆಯದನ್ನು ಬಿಡುತ್ತಿತ್ತು. ಘಾಟಿ ತಿರುವಿನಲ್ಲಿ ಮಾತು ಕಡಿಯುತ್ತಿರಲಿಲ್ಲ. ಆದರೆ ಜಾತ್ರೆಯಲ್ಲಿ ಜನ ಹೆಚ್ಚಿದಂತೆ ಗಲಾಟೆ ಹೆಚ್ಚುತ್ತದೆ, ಹತ್ತಿರ ಬಂದೇ ಮಾತಾಡಬೇಕಾಗುತ್ತದೆ. ಹಾಗೆಯೇ ಸಿಡಿಎಂಎ ಟವರಿನಲ್ಲಿ ಕರೆ ಜಾಸ್ತಿಯಾದರೆ ಅದರ ವ್ಯಾಪ್ತಿಯೇ ಕುಗ್ಗುತ್ತಿತ್ತು. ಸಂಜೆ ಏಳಕ್ಕೆ ಸಿಗದ ಮನೆ ರಾತ್ರಿ ಹನ್ನೊಂದಕ್ಕೆ ಸಿಗುತ್ತಿದ್ದುದು ಅದಕ್ಕೇ ಇರಬೇಕು ಅಂತ ಆಮೇಲೆ ಅರ್ಥವಾಯಿತು.

ತರಂಗದ ಲೆಕ್ಕ ಇನ್ನೊಂದಿದೆ. ನಮ್ಮಲ್ಲಿ ಸಿಡಿಎಂಎ 800 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿತ್ತು. ಜಿಎಸ್‌ಎಂ ಕೆಲವರದು 900, ತಡವಾಗಿ ಬಂದವರದು 1800. ಸಂಖ್ಯೆ ಕಡಿಮೆ ಇದ್ದಷ್ಟೂ ಸಿಗ್ನಲ್ ದೂರ ಹೋಗುತ್ತದೆ, ಮರ ಗೋಡೆ ದಾಟಿ ಒಳಗೆ ಬರುತ್ತದೆ. ಮಲೆನಾಡಿನಲ್ಲಿ ಇದೇ ಮುಖ್ಯ.

ಹಳೇ ಫೋನಿನ ಕೊರತೆಗಳನ್ನೂ ಹೇಳಿಬಿಡುತ್ತೇನೆ. ಬ್ಯಾಟರಿ ನಿಲ್ಲುತ್ತಿರಲಿಲ್ಲ. ಎರಡು ರೇಡಿಯೋ ಇಡೀ ದಿನ ಟವರ್ ಹುಡುಕುತ್ತಿದ್ದರೆ ಇನ್ನೇನಾಗುತ್ತದೆ? ಮಧ್ಯಾಹ್ನ ಮೂರಕ್ಕೆ ಕೆಂಪು ಗೆರೆ. ಜೀಪಿನಲ್ಲಿ ಚಾರ್ಜರ್ ಕಾಯಂ. ಜಿಎಸ್‌ಎಂ ಕಡೆ 2ಜಿ ಮಾತ್ರ ಇತ್ತು, ಇಂಟರ್ನೆಟ್ ಬೇಕಾದರೆ ಸಿಡಿಎಂಎ ಕಡೆಯೇ ಗತಿ. ಕೆಟ್ಟರೆ ರಿಪೇರಿ ಮಾಡುವವರು ಸಿಗುತ್ತಿರಲಿಲ್ಲ. ಆದರೂ 5ಕ್ಕೆ 4 ಕೊಡುತ್ತೇನೆ, ಪೂರ್ತಿ ಮನಸ್ಸಿನಿಂದ.

ಆಮೇಲೆ ಸಿಡಿಎಂಎಯ ಕಾಲ ಮುಗಿಯಿತು. 2016, 2017ರ ಹೊತ್ತಿಗೆ ದೇಶದಲ್ಲಿ ಒಂದೊಂದಾಗಿ ಆ ಸೇವೆಗಳು ಬಾಗಿಲು ಹಾಕಿದವು. ನಂಬರ್ ಉಳಿಸಿಕೊಂಡು ಕಂಪನಿ ಬದಲಿಸುವ ಅವಕಾಶ 2011ರ ಜನವರಿಯಿಂದಲೇ ದೇಶದಲ್ಲೆಲ್ಲ ಇತ್ತು. ಹಾಗಾಗಿ ಡೈರಿ ಗೋಡೆಯ ನಂಬರ್ ಅಳಿಸಬೇಕಾಗಲಿಲ್ಲ. ಹಳೇ ಸಿಡಿಎಂಎ ನಂಬರನ್ನು ಇನ್ನೊಂದು ಕಂಪನಿಗೆ ಒಯ್ದು, ಹೊಸ 4ಜಿ ಎರಡು ಸಿಮ್ ಫೋನಿಗೆ ಹಾಕಿದೆ. ಎರಡು ಸಿಮ್, ಎರಡು ಕಂಪನಿ. ಎಲ್ಲ ಮೊದಲಿನಂತೆಯೇ ಇದೆ ಅಂದುಕೊಂಡೆ.

ಹಾಗೆ ಇರಲಿಲ್ಲ. ಅದು ಗೊತ್ತಾಗಿದ್ದು 2019ರ ಆಗಸ್ಟ್ ಮಳೆಯಲ್ಲಿ. ಎರಡು ದಿನದಿಂದ ಕರೆಂಟ್ ಇಲ್ಲ. ಫೋನಿನಲ್ಲಿ ಚಾರ್ಜ್ ಇತ್ತು, ಪಕ್ಕದಲ್ಲೇ ಇಟ್ಟುಕೊಂಡು ಮಲಗಿದ್ದೆ. ಬೆಳಿಗ್ಗೆ ಆರಕ್ಕೆ ಒಬ್ಬ ಹುಡುಗ ಬೈಕಿನಲ್ಲಿ ಬಂದ. ಮೈಯೆಲ್ಲ ಕೆಸರು. “ರಾತ್ರಿ ಹನ್ನೊಂದರಿಂದ ಮಾಡ್ತಾ ಇದ್ದೀವಿ ಡಾಕ್ಟ್ರೇ. ಎರಡೂ ನಂಬರಿಗೆ ಮಾಡಿದ್ವಿ. ಎರಡೂ ವ್ಯಾಪ್ತಿ ಪ್ರದೇಶದ ಹೊರಗೆ ಅಂತ ಬಂತು.” ಕರು ಅಡ್ಡ ಸಿಕ್ಕಿಕೊಂಡಿತ್ತು. ನಾನು ಹೋಗುವಷ್ಟರಲ್ಲಿ ಕರು ಸತ್ತಿತ್ತು. ತಾಯಿಯನ್ನು ಹೇಗೋ ಉಳಿಸಿದೆವು. ಆ ಮನೆಯವರು ನನಗೆ ಒಂದು ಮಾತೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ನನಗೆ ಭಾರವಾಯಿತು.

ಮಳೆ ನಿಂತ ಮೇಲೆ ನಮ್ಮೂರ ಗುಡ್ಡದ ಟವರ್ ಹತ್ತಿರ ಹೋದೆ. ಅಲ್ಲಿ ನೋಡಿಕೊಳ್ಳುವ ಹುಡುಗ ಬೆರಳು ಮಾಡಿ ತೋರಿಸಿದ. ಮೇಲಿನ ಪೆಟ್ಟಿಗೆಗಳು ಒಂದು ಕಂಪನಿಯವು. ಅದರ ಕೆಳಗಿನವು ಇನ್ನೊಂದರವು. ಕೆಳಗೆ ಬ್ಯಾಟರಿ ಮನೆ ಒಂದೇ, ಜನರೇಟರ್ ಒಂದೇ. ಕಂಬ ಒಬ್ಬರದು, ಬಾಡಿಗೆ ಇರುವವರು ಇಬ್ಬರು. ಡೀಸೆಲ್ ಮುಗಿದರೆ, ಬ್ಯಾಟರಿ ಇಳಿದರೆ, ಇಬ್ಬರೂ ಒಟ್ಟಿಗೇ ಕತ್ತಲೆ. ನನ್ನ ಎರಡೂ ಸಿಮ್ ನೇತುಹಾಕಿಕೊಂಡಿದ್ದು ಅದೇ ಒಂದು ಕಂಬಕ್ಕೆ.

ಸಿಡಿಎಂಎ ಇದ್ದಾಗ ಇದು ತಾನಾಗಿಯೇ ಬೇರೆ ಇತ್ತು. ಅದರ ಟವರ್ ಊರಿನ ಆ ಕಡೆ, ಜಿಎಸ್‌ಎಂ ಟವರ್ ಈ ಕಡೆ. ಎದುರಾಳಿಗಳಾಗಿದ್ದಕ್ಕೇ ಅವರ ದಾರಿಗಳೂ ಬೇರೆ ಇದ್ದವು. ನನಗೆ ಬೇಕಾಗಿದ್ದುದು ಆ ಬೇರೆತನ. ಸಿಮ್ ಎರಡಿದ್ದರೂ ದಾರಿ ಒಂದೇ ಆದರೆ ಸುಮ್ನೆ ಎರಡು ರೀಚಾರ್ಜ್ ಖರ್ಚು. ಹೊಸ ಡಾಕ್ಟರಮ್ಮನಿಗೆ ನಾನು ಮೊದಲು ಹೇಳಿದ್ದು ಇದನ್ನೇ.

ಈಗ ನನ್ನ ಹತ್ತಿರ ಇರುವುದು ಮಧ್ಯಮ ಬೆಲೆಯ 5ಜಿ ಫೋನು. ಇದನ್ನು ಜೋಡಿಸಿಕೊಂಡ ರೀತಿ ಹೀಗೆ.

ಮೊದಲ ಸಿಮ್ ಗುಡ್ಡದ ಟವರಿನದು. ಎರಡನೆಯದನ್ನು ಬದಲಿಸಿದೆ. ಯಾವ ಕಂಪನಿಗೆ ಅಂತ ಕಣ್ಣು ಮುಚ್ಚಿ ಆರಿಸಲಿಲ್ಲ. ನಾಲ್ಕು ಜನರ ಫೋನ್ ಕೇಳಿ ಪಡೆದು ಮನೆ, ಆಸ್ಪತ್ರೆ, ದಾರಿ ಎಲ್ಲ ಕಡೆ ಅಳೆದೆ. ಬಹಳಷ್ಟು ಆಂಡ್ರಾಯ್ಡ್ ಫೋನಿನಲ್ಲಿ *#*#4636#*#* ಒತ್ತಿದರೆ ಸಿಗ್ನಲ್ಲಿನ ನಿಜವಾದ ಅಂಕಿ ಕಾಣುತ್ತದೆ. ಡಿಬಿಎಂ ಅಂದರೆ ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೆಯದು. 4ಜಿಗೆ ಮೈನಸ್ 85, 90 ಡಿಬಿಎಂ ಇದ್ದರೆ ಚೆನ್ನಾಗಿದೆ. ಮೈನಸ್ 110 ದಾಟಿದರೆ ಕಷ್ಟ. 120ರ ಹತ್ತಿರ ಇಲ್ಲವೆಂದೇ ತಿಳಿಯಿರಿ. ಕಡ್ಡಿಗಳನ್ನು ನಂಬಬೇಡಿ, ಒಂದೊಂದು ಫೋನು ಒಂದೊಂದು ಥರ ತೋರಿಸುತ್ತದೆ.

ಇನ್ನೊಂದು ಉಪಾಯ ನನಗೆ ತುಂಬಾ ಉಪಯೋಗಕ್ಕೆ ಬಂದಿದೆ. ಸಿಗ್ನಲ್ ಹೋದಾಗ ಪರದೆಯ ಮೇಲೆ ಏನು ಬರೆದಿದೆ ಅಂತ ನೋಡಿ. ‘ತುರ್ತು ಕರೆ ಮಾತ್ರ’ ಅಂತ ಇದ್ದರೆ ನಿಮ್ಮ ಕಂಪನಿ ಅಲ್ಲಿಲ್ಲ, ಆದರೆ ಬೇರೆ ಯಾರದೋ ಟವರ್ ಇದೆ ಅಂತ ಅರ್ಥ. 112ಕ್ಕೆ ಮಾಡಿದರೆ ಫೋನು ಯಾರ ಟವರ್ ಸಿಕ್ಕರೂ ಹತ್ತಿಕೊಳ್ಳುತ್ತದೆ. ‘ಸೇವೆ ಇಲ್ಲ’ ಅಂತ ಇದ್ದರೆ ಯಾರದೂ ಇಲ್ಲ. ನಾನು ಓಡಾಡುವ ದಾರಿಯಲ್ಲಿ ‘ತುರ್ತು ಕರೆ ಮಾತ್ರ’ ಅಂತ ಬಂದ ಜಾಗಗಳನ್ನೆಲ್ಲ ದಿನಚರಿ ಪುಸ್ತಕದಲ್ಲಿ ಬರೆದಿಟ್ಟೆ. ಎರಡನೇ ಸಿಮ್ ಯಾವುದಿರಬೇಕು ಅಂತ ಆ ಪಟ್ಟಿಯೇ ಹೇಳಿತು.

ಮೂರನೆಯ ದಾರಿ ವೈಫೈ ಕಾಲಿಂಗ್. 2019ರ ಕೊನೆಯಿಂದ 2020ರ ಶುರುವಿನೊಳಗೆ ಏರ್‌ಟೆಲ್, ಜಿಯೋ ಎರಡೂ ಇದನ್ನು ತಂದವು. ಮನೆಗೆ ಫೈಬರ್ ಬಂದಿದ್ದರೆ ಟವರಿನ ಹಂಗಿಲ್ಲದೆ ನಿಮ್ಮ ಅದೇ ನಂಬರಿಗೆ ಕರೆ ಬರುತ್ತದೆ. ಬೇರೆ ಆ್ಯಪ್ ಬೇಡ, ಬೇರೆ ಚಾರ್ಜೂ ಇಲ್ಲ. ಮಾಡುವ ರೈತನಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಕೆಲಸ ಮಾಡುತ್ತಿದೆಯಾ ಅಂತ ನೋಡಲು ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ವೈಫೈ ಮಾತ್ರ ಆನ್ ಮಾಡಿ, ಯಾರಿಂದಾದರೂ ಕರೆ ಮಾಡಿಸಿ. ಬಂದರೆ ಸರಿ. ಸೆಟ್ಟಿಂಗ್‌ನಲ್ಲಿ ವೈಫೈಗೆ ಆದ್ಯತೆ ಅಂತ ಇಡುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಫೋನು ಮೈನಸ್ 118ರ ಆ ಸಾಯುವ ಸಿಗ್ನಲ್ಲನ್ನೇ ಹಿಡಿದುಕೊಂಡು ಕೂರುತ್ತದೆ.

ಕರೆಂಟ್ ಹೋದರೆ ರೂಟರ್ ಸಾಯುತ್ತದೆ ಅಲ್ವಾ? ಅದಕ್ಕೆ 12 ವೋಲ್ಟಿನ ಪುಟ್ಟ ಯುಪಿಎಸ್ ಸಿಗುತ್ತದೆ. ಅಂಗೈ ಅಗಲ. ರೂಟರ್ ಮತ್ತು ಫೈಬರ್ ಪೆಟ್ಟಿಗೆ ಎರಡನ್ನೂ ಅದಕ್ಕೆ ಸಿಕ್ಕಿಸಿದ್ದೇನೆ. ನನ್ನ ಪಾಲಿಗೆ ಫೋನಿಗಿಂತ ಒಳ್ಳೆಯ ಖರೀದಿ ಅದು. ರಾತ್ರಿ ಗುಡ್ಡದ ಟವರ್ ಮಲಗಿದರೂ ನನ್ನ ಫೋನ್ ಎದ್ದಿರುತ್ತದೆ.

ವೈಫೈ ಕಾಲಿಂಗ್‌ಗೆ ಒಂದು ಮಿತಿ ಇದೆ. ಮಾತಾಡುತ್ತಾ ಮನೆಯಿಂದ ಹೊರಗೆ ಹೋದರೆ, ಹೊರಗೆ 4ಜಿ ಚೆನ್ನಾಗಿದ್ದರೆ ಕರೆ ಅದಕ್ಕೆ ದಾಟಿಕೊಳ್ಳುತ್ತದೆ. ಇಲ್ಲದಿದ್ದರೆ ಕಡಿಯುತ್ತದೆ. ನಮ್ಮ ಮನೆಯಲ್ಲಿ ಅಡಿಕೆ ಅಂಗಳದ ಮೂರನೇ ಮೆಟ್ಟಿಲು ಆ ಗಡಿ. ಕರೆ ಬಂದರೆ ಆ ಮೆಟ್ಟಿಲು ಇಳಿಯದೆ ಮಾತು ಮುಗಿಸುವುದು ಈಗ ಅಭ್ಯಾಸವಾಗಿದೆ.

ಇನ್ನು ಒಂದರಲ್ಲಿ ಮಾತಾಡುವಾಗ ಇನ್ನೊಂದಕ್ಕೆ ಕರೆ ಬರುವ ವಿಷಯ. ಈಗಲೂ ಬಹಳಷ್ಟು ಫೋನಿನಲ್ಲಿ ಒಂದು ಹೊತ್ತಿಗೆ ಒಂದೇ ಸಿಮ್ ಎಚ್ಚರವಾಗಿರುತ್ತದೆ. ಆದರೆ ಎರಡೂ ನಂಬರಿಗೆ ವೈಫೈ ಕಾಲಿಂಗ್ ಆನ್ ಇಟ್ಟರೆ ಕೆಲವು ಫೋನುಗಳಲ್ಲಿ ಎರಡನೇ ನಂಬರಿನ ಕರೆ ಮೊದಲನೆಯದರ ಡೇಟಾ ಮೇಲೇ ಹತ್ತಿಕೊಂಡು ಬರುತ್ತದೆ. ಅಂದರೆ ಒಂದು ಕಂಪನಿಯ ಕರೆಯನ್ನು ಎದುರಾಳಿ ಕಂಪನಿಯ ಸಿಗ್ನಲ್ ಹೊತ್ತು ತರುತ್ತದೆ. ನನ್ನ ಫೋನಿನಲ್ಲಿ ಇದು ಇದೆ. ಕೊಳ್ಳುವಾಗ ಅಂಗಡಿಯವರನ್ನು ಇದೊಂದನ್ನು ಕೇಳಿ, ಸಾಧ್ಯವಾದರೆ ಅಲ್ಲೇ ಎರಡು ಸಿಮ್ ಹಾಕಿ ಪರೀಕ್ಷೆ ಮಾಡಿ. ಕ್ಯಾಮೆರಾ, ಬಣ್ಣ ಎಲ್ಲ ಆಮೇಲೆ.

ಎದುರಾಳಿಗಳು ಕೂಡುವುದು ಹೊಸದೇನಲ್ಲ. 2007ರ ಅಕ್ಟೋಬರ್‌ನಲ್ಲೇ ನಮ್ಮ ಸರ್ಕಾರ ಒಂದು ಕಂಪನಿ ಸಿಡಿಎಂಎ, ಜಿಎಸ್‌ಎಂ ಎರಡನ್ನೂ ನಡೆಸಬಹುದು ಎಂದಿತ್ತು. 3ಜಿ ಬಂದಾಗ ಜಿಎಸ್‌ಎಂ ಬಣದವರೇ ಟವೆಲ್ ಮರೆಯ ಆ ಸಂಕೇತದ ವಿದ್ಯೆಯನ್ನು ಒಳಗೆ ಕರೆದುಕೊಂಡರು. 4ಜಿಯಲ್ಲಿ ಎರಡೂ ಬಣದವರು ಒಂದೇ ಪದ್ಧತಿಗೆ ಬಂದರು. ಅಮೆರಿಕದ ದೊಡ್ಡ ಸಿಡಿಎಂಎ ಕಂಪನಿ ವೆರಿಜಾನ್ 2010ರ ಡಿಸೆಂಬರ್‌ನಲ್ಲೇ ಆ ಕಡೆ ಬಂದಿತ್ತು. ನಮ್ಮಲ್ಲಿ ಒಂದು ಕಾಲದಲ್ಲಿ ಸಿಡಿಎಂಎ ಓಡಿದ ಆ 800ರ ಸುತ್ತಿನ ತರಂಗದಲ್ಲೇ ಇವತ್ತು ಜಿಯೋದ 4ಜಿ ಓಡುತ್ತದೆ. ನಗರದ ಅಮ್ಮನ ಕೊಟ್ಟಿಗೆ ಬಾಗಿಲಲ್ಲಿ ನನಗೆ ಸಿಕ್ಕ ಆ ಒಂದು ಕಡ್ಡಿ ಬೇರೆ ರೂಪದಲ್ಲಿ ಇನ್ನೂ ಇದೆ ಅಂತ ನೆನೆದರೆ ಖುಷಿಯಾಗುತ್ತದೆ.

ಇನ್ನೂ ಒಳ್ಳೆಯ ಸುದ್ದಿ 2025ರ ಜನವರಿಯಲ್ಲಿ ಬಂತು. ಸರ್ಕಾರದ ಡಿಜಿಟಲ್ ಭಾರತ್ ನಿಧಿಯ ದುಡ್ಡಿನಲ್ಲಿ ಕಟ್ಟಿದ ಟವರುಗಳಲ್ಲಿ ಬಿಎಸ್‌ಎನ್‌ಎಲ್, ಏರ್‌ಟೆಲ್, ಜಿಯೋ ಮೂವರ ಗ್ರಾಹಕರೂ ಯಾರ ಟವರ್ ಸಿಕ್ಕರೂ 4ಜಿ ಬಳಸುವ ವ್ಯವಸ್ಥೆ ಶುರುವಾಯಿತು. ಒಂದೇ ಸಿಮ್ ಇರುವ ಬಡ ರೈತನಿಗೆ ಇದು ನಿಜವಾದ ಉಪಕಾರ. ಎಲ್ಲರೂ ಎರಡು ರೀಚಾರ್ಜ್ ಮಾಡಿಸಲು ಆಗುವುದಿಲ್ಲ. ಡಾಕ್ಟರ್ ಹತ್ತಿರ ಮೂರು ದಾರಿ ಇದ್ದು ಕರೆ ಮಾಡುವವನ ಹತ್ತಿರ ಒಂದೂ ಇಲ್ಲದಿದ್ದರೆ ಏನು ಬಂತು? ಈ ವ್ಯವಸ್ಥೆ ಎಲ್ಲ ಟವರಿಗೂ ಬರಬೇಕು. ಕಾಡಂಚಿನ ಊರುಗಳಿಗಂತೂ ಮೊದಲು ಬರಬೇಕು. ನನ್ನ ಆಸೆ ಇದು, ಕೇಳುವ ಹಕ್ಕೂ ನಮಗಿದೆ.

ಈಗಿನ ಜೋಡಣೆಗೆ 5ಕ್ಕೆ ನಾಲ್ಕೂವರೆ. ಅರ್ಧ ಅಂಕ ಆ ಮೂರನೇ ಮೆಟ್ಟಿಲಿಗೆ ಹೋಯಿತು.

ಮೊನ್ನೆ ಭಾನುವಾರ ಡಾಕ್ಟರಮ್ಮ ಬಂದಿದ್ದರು. ಅವರ ಕ್ವಾರ್ಟರ್ಸ್‌ನಲ್ಲಿ ಇಬ್ಬರೂ ಕೂಡಿ ಅಳೆದೆವು. ಮುಂದಿನ ಕೋಣೆಯಲ್ಲಿ ಅವರ ಸಿಮ್ ಮೈನಸ್ 119. ಹಿಂದಿನ ಕಿಟಕಿಯ ಹತ್ತಿರ ಬೇರೆ ಕಂಪನಿಯದು ಮೈನಸ್ 96, ಟವರ್ ಹೊಳೆಯ ಆಚೆಯದು. ಎರಡನೇ ಸಿಮ್ ಅದೇ ಅಂತ ನಿರ್ಧಾರವಾಯಿತು. ಫೈಬರ್‌ಗೆ ಅರ್ಜಿ ಕೊಟ್ಟಿದ್ದಾರೆ. ಬರುವಾಗ ಡೈರಿ ಸೆಕ್ರೆಟರಿಗೆ ಹೇಳಿದೆ, ಗೋಡೆಯ ಮೇಲೆ ನನ್ನ ನಂಬರ್‌ಗಳ ಕೆಳಗೆ ಡಾಕ್ಟರಮ್ಮನ ಎರಡು ನಂಬರಿಗೆ ಜಾಗ ಬಿಟ್ಟು ಸುಣ್ಣ ಹೊಡೆಸಿ ಅಂತ. ನೀಲಿ ಬಣ್ಣದ ಡಬ್ಬಿ ಅವರ ಹತ್ತಿರವೇ ಇದೆಯಂತೆ.